ಸಂಜೆ ಮುಗಿಸುವ ಕೆಲಸ

ನಮ್ಮೂರಿನಲ್ಲಿ ತೋಳ ಊಳಿಟ್ಟ ಮೇಲೆಯೇ ರಾತ್ರಿಯಾಗುತ್ತದೆ. ಹೊತ್ತು ಮುಳುಗುವುದಕ್ಕೆ ಅಡ್ಡಿಯೇನಿಲ್ಲ, ಅದು ಎಲ್ಲ ಊರುಗಳಲ್ಲಿ ಮುಳುಗುವ ಹಾಗೆಯೇ ಮುಳುಗುತ್ತದೆ. ಆಮೇಲೆ ಆಕಾಶ ಹುರಿದ ಶೇಂಗಾದ ಸಿಪ್ಪೆಯ ಬಣ್ಣಕ್ಕೆ ಬಂದು ಅಲ್ಲೇ ನಿಂತುಕೊಳ್ಳುತ್ತದೆ. ಊಳು ಕೇಳಿದರೆ ಮುಂದಕ್ಕೆ ಹೋಗುತ್ತದೆ, ಕೇಳದಿದ್ದರೆ ಇಲ್ಲ. ಗಡಿಕಲ್ಲಿನಿಂದ ಆಚೆ ಈ ಪದ್ಧತಿಯಿಲ್ಲ. ಊಳು ತಡವಾದ ದಿನ ಕೊನೆಯ ಬಸ್ಸು ಗವ್ವೆನ್ನುವ ಕತ್ತಲಿನಿಂದ ದೀಪ ಹಾಕಿಕೊಂಡು ಬಂದು, ಕಲ್ಲು ದಾಟಿದೊಡನೆ ದೀಪ ಆರಿಸಿ ನಮ್ಮ ಸಂಜೆಯೊಳಗೆ ಇಳಿಯುತ್ತದೆ. ಹೊಸ ಡ್ರೈವರುಗಳು ಒಂದೆರಡು ದಿನ ಕಣ್ಣುಜ್ಜಿಕೊಳ್ಳುತ್ತಾರೆ. ಆಮೇಲೆ ಅವರಿಗೂ ರೂಢಿಯಾಗುತ್ತದೆ.

ನನ್ನ ಮುತ್ತಜ್ಜನ ಕಾಲಕ್ಕೆ ನಮ್ಮ ಬಯಲಿನ ತೋಳಗಳು ಮುಗಿದುಹೋದವು. ಕೆಲವನ್ನು ಹೊಡೆದರು, ಕೆಲವಕ್ಕೆ ವಿಷವಿಟ್ಟರು, ಉಳಿದವು ಹುಲ್ಲು ಕಡಿಮೆಯಾದಂತೆ, ಚಿಗರೆ ಕಡಿಮೆಯಾದಂತೆ ತಾವೂ ಕಡಿಮೆಯಾದವು. ಕೊನೆಯದು ಸತ್ತ ಮೇಲೆ ಬಂದ ಸಂಜೆ, ಹೊರಗಿನವರ ಲೆಕ್ಕದಲ್ಲಿ, ಆರು ದಿನ ಅಲ್ಲಾಡದೆ ನಿಂತಿತ್ತಂತೆ. ಮುತ್ತಜ್ಜ ಕಂಬಳಿ ನೇಯುವವನು, ಯಾರೊಡನೆಯೂ ನಾಲ್ಕು ಮಾತು ಹೆಚ್ಚು ಆಡದವನು. ಅವನು ಊರ ಮುಂದಿನ ಕೂಗುಬಂಡೆ ಹತ್ತಿ, ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡು, ಹುಟ್ಟಿದಂದಿನಿಂದ ಕೇಳಿಕೊಂಡು ಬಂದಿದ್ದ ಊಳನ್ನು ಕೇಳಿದ ಹಾಗೆಯೇ ಹೊರಗೆ ಬಿಟ್ಟ. ರಾತ್ರಿಯಾಯಿತು. ಅಂದಿನಿಂದ ನಮ್ಮದು ಊಳಿನ ಮನೆ. ಮುತ್ತಜ್ಜನಾದ ಮೇಲೆ ಅಜ್ಜ, ಅಜ್ಜನಾದ ಮೇಲೆ ದೊಡ್ಡಪ್ಪ, ದೊಡ್ಡಪ್ಪನಾದ ಮೇಲೆ ನಾನು, ಗುರುಪಾದಪ್ಪ. ಬೇರೆಯವರು ಪ್ರಯತ್ನ ಮಾಡಿಲ್ಲವೆಂದಲ್ಲ. ಒಮ್ಮೆ ನನಗೆ ಜ್ವರ ಬಂದಾಗ ಅಂಚೆಯವನು ಧೈರ್ಯ ಮಾಡಿ ಬಂಡೆ ಹತ್ತಿ ಕೂಗಿದ. ಊರ ನಾಯಿಗಳೆಲ್ಲ ಎದ್ದು ಅವನನ್ನು ಅಂಚೆ ಕಚೇರಿಯ ಬಾಗಿಲತನಕ ಮುಟ್ಟಿಸಿ ಬಂದವು. ಆಕಾಶ ಮಾತ್ರ ಕದಲಲಿಲ್ಲ. ಕೊನೆಗೆ ನನ್ನನ್ನೇ ಮಂಚದ ಸಮೇತ ಹೊತ್ತೊಯ್ದರು.

ನನ್ನ ಅಪ್ಪ ಊಳಿನ ಕಡೆಯವರಲ್ಲ, ಓದಿನ ಕಡೆಯವರು. ದಿನಾ ಸಂಜೆ ಗುಡಿಯ ಪಡಸಾಲೆಯಲ್ಲಿ ಕುಳಿತು ರಾಗವಾಗಿ ಕಾವ್ಯ ಓದುತ್ತಿದ್ದರು. ಓದುವವರು ಒಂದು ಪದ್ಯ ಮುಗಿಸಿ ನಿಂತಾಗ ಕೇಳುವವರಲ್ಲಿ ಒಬ್ಬರು ಹೂಂ ಎನ್ನಬೇಕು. ಹೂಂ ಬೀಳದೆ ಮುಂದಿನ ಪದ್ಯ ಏಳುವುದಿಲ್ಲ. ಆರನೆಯ ವಯಸ್ಸಿನಿಂದ ಆ ಹೂಂ ನನ್ನದು. “ಹೂಂ ಅನ್ನೂದು ಓದೂ ದನಿಗಿಂತ ಒಂದು ಮೆಟ್ಟಲಾ ಕೆಳಗ ಇರಬೇಕಪಾ. ನೀ ಮ್ಯಾಲೆ ಹೋದಿ ಅಂದ್ರ ಪದ್ಯ ಕೆಳಗ ಬೀಳತೈತಿ,” ಎಂದು ಅಪ್ಪ ಕಲಿಸಿದ್ದರು. ಒಮ್ಮೊಮ್ಮೆ ಅವರು ಪದ್ಯದ ನಡುವೆಯೇ ನಿಲ್ಲಿಸಿ ನನ್ನನ್ನು ನೋಡುತ್ತಿದ್ದರು. ಮುಂದಿನ ಸಾಲು ನೀನು ಎತ್ತಿಕೋ ಎಂಬ ನೋಟ ಅದು. ಸಾಲು ನನಗೆ ಬರುತ್ತಿತ್ತು, ಗಂಟಲಿನವರೆಗೂ ಬಂದು ಮಿಡಿಯುತ್ತಿತ್ತು. ಆದರೆ ಎದುರಿಗೆ ಅಷ್ಟು ಚೆಂದ ಓದುವವರು ಕೂತಿರುವಾಗ ಯಾರು ಬಾಯಿ ತೆಗೆಯುತ್ತಾರೆ. ನಾನು ಹೂಂ ಅನ್ನುತ್ತಿದ್ದೆ. ಅಪ್ಪ ನಕ್ಕು ಮುಂದುವರಿಸುತ್ತಿದ್ದರು. ಅವರು ಇರುವತನಕ ನಾನು ಒಂದು ಪದ್ಯವನ್ನೂ ಓದಲಿಲ್ಲ. ಅವರು ತೀರಿಕೊಂಡ ವರ್ಷ ಪಡಸಾಲೆಯ ಮಣೆ ಖಾಲಿಯಿತ್ತು. ಹೋಗಿ ಕುಳಿತೆ. ನೋಡಿದರೆ ಇಡೀ ಪುಸ್ತಕ ಬಾಯಿಗೆ ಬರುತ್ತಿತ್ತು.

ಹೋದ ವರ್ಷ ಮಳೆ ಮುಗಿದ ಮೇಲೆ ಹಸೀನಾ ಮೇಡಂ ಬಂದರು. ಕಾಡುಪ್ರಾಣಿಗಳ ಡಾಕ್ಟರು, ಮೂವತ್ತರ ಆಸುಪಾಸಿನ ಹೆಣ್ಣುಮಗಳು, ಪ್ಯಾಂಟಿನ ತುಂಬ ಉತ್ತರಾಣಿ ಮುಳ್ಳು. ಬೇಲಿಯೊಳಗೆ ಹುಟ್ಟಿ ಬೆಳೆದ ಮೂರು ತೋಳಗಳನ್ನು ನಮ್ಮ ಬಯಲಿಗೆ ತಂದು ಬಿಡುವುದಕ್ಕೆ ಇಲಾಖೆ ಅವರನ್ನು ಕಳಿಸಿತ್ತು. ಒಂದು ಗಂಡು, ಎರಡು ಹೆಣ್ಣು. ಪಂಚಾಯಿತಿಯಲ್ಲಿ ಊರು ಸೇರಿತು. ಮೇಡಂ ಎಲ್ಲವನ್ನೂ ಬಿಡಿಸಿ ಹೇಳಿದರು. ಮೊದಲು ಎದ್ದವಳು ಮಾಳವ್ವ. ಎಂಬತ್ತು ಕುರಿಗಳ ಒಡತಿ, ನನಗಿಂತ ಹತ್ತು ವರ್ಷ ದೊಡ್ಡವಳು, ನಾನು ಮಾಳಕ್ಕ ಅನ್ನುತ್ತೇನೆ. ಕೂಗುಬಂಡೆಯ ಬುಡದಲ್ಲೇ ಅವಳ ಕುರಿಹಟ್ಟಿ.

“ತ್ವಾಳ ತರತೀರಿ, ಚಲೋ ಆತು. ಅವಕ್ಕ ಊಟಕ್ಕ ಎಲ್ಲಿ ಹೋಗಂತ ಹೇಳೀರಿ?”

“ಬಯಲಿನಲ್ಲಿ ಚಿಗರೆ ಮತ್ತೆ ಬಂದಿವೆ ಅಮ್ಮ. ಮೊಲ ಇವೆ, ಇಲಿ ಇವೆ.”

“ಅವೆಲ್ಲಾ ಓಡತಾವು. ನನ್ನ ಕುರಿ ನಿಂತಕೊಂಡು ನೋಡತಾವು. ತ್ವಾಳಕ್ಕ ಅಷ್ಟೂ ತಿಳಿಯಂಗಿಲ್ಲೇನು?”

ಎಲ್ಲರೂ ನಕ್ಕರು. ಆದರೆ ನಗುವಿನ ನಡುವೆ ಎಲ್ಲರೂ ನನ್ನ ಕಡೆಯೂ ನೋಡಿದರು, ಯಾಕೆಂದು ನನಗೆ ಗೊತ್ತಿತ್ತು. ನನಗೆ ಅರವತ್ತೆರಡಾಗಿದೆ, ಮೊಣಕಾಲು ಬಂಡೆ ಹತ್ತುವಾಗೊಮ್ಮೆ ಇಳಿಯುವಾಗೊಮ್ಮೆ ಅಳುತ್ತದೆ. ನನಗೂ ನನ್ನ ಹೆಂಡತಿ ನೀಲವ್ವನಿಗೂ ಮಕ್ಕಳಿಲ್ಲ. ಊಳಿನ ಮನೆ ನನ್ನೊಂದಿಗೆ ಮುಗಿಯುತ್ತದೆ. ಆಮೇಲೆ ಊರಿನ ಸಂಜೆಯನ್ನು ಮುಗಿಸುವವರು ಯಾರು ಎಂಬುದನ್ನು ನನ್ನೆದುರಿಗೆ ಯಾರೂ ಆಡುತ್ತಿರಲಿಲ್ಲ, ನನ್ನ ಬೆನ್ನ ಹಿಂದೆ ಬೇರೇನೂ ಆಡುತ್ತಿರಲಿಲ್ಲ. ತೋಳಗಳು ಬರಲಿ ಎಂದು ಊರು ಒಪ್ಪಿತು. ಮಾಳಕ್ಕ ಒಪ್ಪಲಿಲ್ಲ, ಆದರೆ ಸುಮ್ಮನಾದಳು. ಅವಳು ಸುಮ್ಮನಾಗುವುದು ಒಪ್ಪುವುದಕ್ಕಿಂತ ದೊಡ್ಡದು.

ಬಯಲಿನ ಆಚೆ ತುದಿಗೆ ಮೂಗುತಿ ಗುಡ್ಡವಿದೆ, ಒಂದು ಮಗ್ಗುಲಿಗೆ ಒಂಟಿ ಕಲ್ಲು ಹೊಳೆಯುವ ಸಣ್ಣ ಗುಡ್ಡ. ಅದರ ಬುಡದಲ್ಲಿ ದೊಡ್ಡ ಬೇಲಿ ಕಟ್ಟಿ ತೋಳಗಳನ್ನು ಮೂರು ತಿಂಗಳು ಅಲ್ಲಿಟ್ಟರು, ನೆಲದ ಪರಿಚಯವಾಗಲಿ ಎಂದು. ಮೇಡಂ ಕಟ್ಟುನಿಟ್ಟು ಬಹಳ. ತೋಳಕ್ಕೆ ಮನುಷ್ಯರ ಗುರುತು ಹತ್ತಬಾರದು, ಮನುಷ್ಯರನ್ನು ಕಂಡರೆ ದೂರ ಓಡುವಂತಿರಬೇಕು, ಇಲ್ಲದಿದ್ದರೆ ಅವು ಬಯಲಿನಲ್ಲಿ ಬಾಳಲಾರವು ಎಂದರು. ಊರವರು ಅದನ್ನು ವ್ರತದ ಹಾಗೆ ಹಿಡಿದರು. ಬೇಲಿಯ ಸುತ್ತ ಕಂಬಳಿ ಕಟ್ಟಿ ಮರೆ ಮಾಡಿದೆವು. ಮಾಂಸವನ್ನು ಮರೆಯಿಂದಲೇ ಒಳಕ್ಕೆ ಜಾರಿಸುತ್ತಿದ್ದರು. ಆ ದಾರಿಯಲ್ಲಿ ಹೋಗುವವರು ಕೆಮ್ಮನ್ನೂ ನುಂಗಿಕೊಳ್ಳುತ್ತಿದ್ದರು. ಒಬ್ಬಾತ ಸೀನು ಬಂತೆಂದು ಅರ್ಧ ಮೈಲಿ ಹಿಂದಕ್ಕೆ ಓಡಿ ಸೀನಿ ಬಂದ. ಇಷ್ಟೆಲ್ಲ ಜಾಗ್ರತೆ ಮಾಡಿದ ಊರು ಒಂದನ್ನು ಮರೆಯಿತು. ದಿನಾ ಸಂಜೆ ನಾನು ಕೂಗುಬಂಡೆ ಹತ್ತಿ ಊಳಿಡುತ್ತಿದ್ದೆ. ಅದು ಮನುಷ್ಯನ ದನಿ ಎಂಬುದು ಒಬ್ಬರಿಗೂ ಹೊಳೆಯಲಿಲ್ಲ. ನಮಗೆ ಅದು ಸಂಜೆಯ ಒಂದು ಭಾಗ, ತುಳಸಿಯ ಮುಂದಿನ ದೀಪದ ಹಾಗೆ. ಸಂಜೆಯಾಗುವ ಮುಂಚೆಯೇ ತನ್ನ ಬಿಡಾರಕ್ಕೆ ಗಡಿಕಲ್ಲು ದಾಟಿ ಹೋಗುತ್ತಿದ್ದ ಮೇಡಂಗೂ ಯಾರೂ ಹೇಳಲಿಲ್ಲ. ಹೇಳುವಂಥದ್ದು ಅದರಲ್ಲಿ ಏನಿದೆ ಎಂದುಕೊಂಡಿದ್ದೆವು.

ತೋಳಗಳು ಬಂದ ನಾಲ್ಕನೆಯ ಸಂಜೆ ನಾನು ಊಳಿಟ್ಟು ಕಂಬಳಿ ಮಡಚುತ್ತಿದ್ದೆ. ಮೂಗುತಿ ಗುಡ್ಡದ ಕಡೆಯಿಂದ ತಿರುಗಿ ಊಳು ಬಂತು. ಮೂರು ದನಿ, ಒಂದರ ಬೆನ್ನಿಗೆ ಒಂದು. ಇದನ್ನು ಹೇಗೆ ಹೇಳುವುದೋ ತಿಳಿಯದು. ಮೂವತ್ತೊಂದು ವರ್ಷ ನಾನು ಆ ಬಂಡೆಯ ಮೇಲಿನಿಂದ ಕೂಗಿದ್ದೆ, ಒಮ್ಮೆಯೂ ಯಾರೂ ಉತ್ತರ ಕೊಟ್ಟಿರಲಿಲ್ಲ. ಕೆಳಗೆ ಊರಿನಲ್ಲಿ ಜನ ಮನೆಯಿಂದ ಹೊರಗೆ ಬಂದು ನಿಂತಿದ್ದರು. ಮರುದಿನ ಗುಡಿಯಲ್ಲಿ ಸಜ್ಜಕ ಮಾಡಿ ಹಂಚಿದರು. ನಾನು ನಿತ್ಯ ಒಂದು ಊಳು ಹಾಕುತ್ತಿದ್ದವನು ಎರಡು ಹಾಕತೊಡಗಿದೆ, ಆಮೇಲೆ ಮೂರು. ರಾತ್ರಿಗೆ ಒಂದೇ ಸಾಕು. ಉಳಿದೆರಡು ನನಗಾಗಿ. ಇದನ್ನು ನೀಲವ್ವನೊಬ್ಬಳು ಗಮನಿಸಿದಳು. “ಇತ್ತಿತ್ತಲಾಗ ನಿಮ್ಮದು ಕೂಗುಬಂಡೀ ಮ್ಯಾಲೆ ಭಾಳ ಹೊತ್ತಾತು. ಮಾತಾಡ್ಸಾಕ ಮಂದಿ ಸಿಕ್ಕಾರೇನು?” ಎಂದು ರೊಟ್ಟಿ ಬಡಿಯುತ್ತ ಕೇಳಿದಳು. ನಾನು ಹೂಂ ಎಂದೆ.

ಮೂರು ತಿಂಗಳಾದ ಮೇಲೆ ಬೇಲಿಯ ಬಾಗಿಲು ತೆಗೆದರು. ತೋಳಗಳು ಮೂಗುತಿ ಗುಡ್ಡ ಹತ್ತಿ ಆಚೆಯ ಹುಲ್ಲುಗಾವಲಿಗೆ ಇಳಿಯಬೇಕಿತ್ತು. ಅವು ನೇರವಾಗಿ ಬಯಲು ದಾಟಿ ನಮ್ಮ ಕೂಗುಬಂಡೆಯ ಹತ್ತಿರ ಬಂದವು. ಹಗಲೆಲ್ಲ ಜಾಲಿ ಪೊದೆಯಲ್ಲಿ ಮಲಗಿ, ಹೊತ್ತು ಮುಳುಗಿದೊಡನೆ ಬಂಡೆಯಿಂದ ಇಪ್ಪತ್ತು ಮಾರು ದೂರದಲ್ಲಿ ಸಾಲಾಗಿ ಕುಳಿತವು, ಪಡಸಾಲೆಯಲ್ಲಿ ಕುಳಿತ ಹಾಗೆ. ನಾನು ಊಳಿಟ್ಟೆ. ಅವು ಉತ್ತರ ಕೊಟ್ಟವು. ಹದಿನೈದು ದಿನ ಹೀಗೇ ನಡೆಯಿತು. ಹದಿನಾರನೆಯ ಬೆಳಿಗ್ಗೆ ಮಾಳಕ್ಕನ ಹಟ್ಟಿಯಲ್ಲಿ ಕರಿಕಿವಿಯ ಮರಿಯೊಂದು ಇರಲಿಲ್ಲ.

ಅವಳು ನನ್ನ ಮನೆಯ ಕಟ್ಟೆಗೆ ಬಂದು ಕುಳಿತಳು. ಬೈಯಲಿಲ್ಲ. “ತಮ್ಮಾ, ನಿನ್ನ ಬೀಗರು ರಾತ್ರಿ ನಮ್ಮನ್ಯಾಗ ಉಂಡರು,” ಎಂದಳು. ನೀಲವ್ವ ನೀರು ಕೊಟ್ಟರೆ ಕುಡಿಯದೆ ಚೊಂಬನ್ನು ನೋಡುತ್ತ ಕುಳಿತಳು. ಆ ಮರಿಯನ್ನು ತಾಯಿ ಬಿಟ್ಟಿತ್ತು, ಮಾಳಕ್ಕನೇ ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದ್ದಳು ಎಂಬುದು ಊರಿಗೆಲ್ಲ ಗೊತ್ತಿತ್ತು.

ಮಂಗಳವಾರ ಮೇಡಂ ಒಂದು ಕಾಗದ ಹಿಡಿದುಕೊಂಡು ಪಂಚಾಯಿತಿಗೆ ಬಂದರು. ತೋಳಗಳು ಊರನ್ನು ಬಿಡುತ್ತಿಲ್ಲ, ಬಯಲಿಗೆ ಒಗ್ಗುತ್ತಿಲ್ಲ, ಆದ್ದರಿಂದ ಬರುವ ಶನಿವಾರ ಲಾರಿ ಬರುತ್ತದೆ, ಅಷ್ಟರೊಳಗೆ ಅವು ತಾವಾಗಿ ಹೋಗದಿದ್ದರೆ ಹಿಡಿದು ವಾಪಸು ಕಳಿಸಬೇಕು ಎಂದು ಮೇಲಿನವರು ಬರೆದಿದ್ದರು. ವಾಪಸು ಹೋದವನ್ನು ಮತ್ತೆ ಬಿಡುವುದಿಲ್ಲ. ಸಾಯುವತನಕ ಬೇಲಿ.

“ನನಗೆ ಒಂದು ಮಾತ್ರ ಅರ್ಥವಾಗುತ್ತಿಲ್ಲ,” ಎಂದರು ಮೇಡಂ. “ಇಲ್ಲಿ ಅವಕ್ಕೆ ಏನು ಸಿಗುತ್ತಿದೆ? ಯಾರೋ ಕರೆಯುತ್ತಿರುವ ಹಾಗೆ ಬರುತ್ತವೆ.”

ನಾನು ಎದ್ದು ನಿಂತು ನನ್ನ ಊಳು, ಅದರಿಂದಾಗುವ ರಾತ್ರಿ ಎಲ್ಲ ಹೇಳಿದೆ. ಮೇಡಂ ಕೇಳಿಸಿಕೊಂಡು ಕಾಗದವನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದರು. “ಗುರುಪಾದಪ್ಪನವರೇ, ಹಿಂಡಿನಲ್ಲಿ ದೊಡ್ಡದು ಕೂಗುತ್ತದೆ, ಉಳಿದವು ಅದರ ಹತ್ತಿರ ಹೋಗುತ್ತವೆ. ಅವು ನಿಮ್ಮ ಹತ್ತಿರ ಬಂದಿವೆ. ನೀವು ಇರುವತನಕ ಅವು ಎಲ್ಲಿಗೂ ಹೋಗುವುದಿಲ್ಲ. ನೀವು ನಿಲ್ಲಿಸಬೇಕು.”

“ನಿಲ್ಲಿಸಿದ್ರ ಕತ್ತಲಾಗಂಗಿಲ್ಲರೀ,” ಎಂದರು ಯಾರೋ.

“ಗೊತ್ತು,” ಎಂದರು ಮೇಡಂ. ಹೊರಗಿನವರಾದರೂ ಅವರು ಅದನ್ನು ಅನುಮಾನಿಸಲಿಲ್ಲ. ಅದು ನನಗೆ ಹಿಡಿಸಿತು. “ಅವು ತಾವೇ ಕೂಗುವತನಕ ಆಗುವುದಿಲ್ಲ.”

ಲಾರಿ ಬರಲಿ, ಒಯ್ಯಲಿ, ನಮಗೆ ಗುರುಪಾದಣ್ಣ ಇದ್ದಾನೆ ಎಂದು ಕೆಲವರು ಅಂದರು. ಗುರುಪಾದಣ್ಣ ಎಷ್ಟು ದಿನ ಇರುತ್ತಾನೆ ಎಂದು ಕೆಲವರು ಅನ್ನಲಿಲ್ಲ, ಅಷ್ಟೆ. ಆಗ ಮಾಳಕ್ಕ ಎದ್ದಳು. ಮುಗಿಯಿತು ಎಂದುಕೊಂಡೆ.

“ವಾಪಸ್ ಒಯ್ದ್ರ ಅವಕ್ಕ ದಿನಾ ಕುಂತಲ್ಲೇ ಮಾಂಸ ಹಾಕತೀರಿ, ಹೌದಲ್ಲೋ?”

“ಹೌದಮ್ಮ.”

“ನನ್ನ ಮರೀನ ತಿಂದು ಕುಂತಲ್ಲೇ ಉಣಬೇಕೇನು ಅವು? ಆಗಂಗಿಲ್ಲ. ಬಯಲಾಗ ಬಿಡ್ರಿ. ಚಿಗರೀ ಬೆನ್ನ ಹತ್ತಿ ಓಡ್ಲಿ, ಸಿಗದ ಉಪವಾಸ ಮಲಗ್ಲಿ, ಮುಳ್ಳ ತುಳೀಲಿ. ನಾ ಎಪ್ಪತ್ತೆರಡು ವರ್ಷ ಹಂಗ ಬಾಳೇ ಮಾಡೀನಿ. ಅವಕ್ಕೂ ಗೊತ್ತಾಗ್ಲಿ.”

ಅಲ್ಲಿಗೆ ತೀರ್ಮಾನವಾಯಿತು. ಬುಧವಾರ ಹೊತ್ತು ಮುಳುಗಿತು, ನಾನು ಬಂಡೆ ಹತ್ತಲಿಲ್ಲ. ನಮ್ಮ ಕಟ್ಟೆಯ ಮೇಲಿನಿಂದ ನೋಡಿದರೆ ಮೂರೂ ಬಂದು ಕುಳಿತದ್ದು ಕಾಣುತ್ತಿತ್ತು. ಆಕಾಶ ಶೇಂಗಾ ಸಿಪ್ಪೆಯ ಬಣ್ಣಕ್ಕೆ ಬಂದು ನಿಂತಿತು.

ಬೆಳಕು ಹೆಚ್ಚಾದರೆ ಮನುಷ್ಯ ಏನಾದರೂ ಮಾಡಿಕೊಳ್ಳಬಹುದು, ಕಿಟಕಿ ಮುಚ್ಚಬಹುದು. ನಮ್ಮ ಕಷ್ಟ ಅದಲ್ಲ. ಮುಸ್ಸಂಜೆಯಲ್ಲಿ ಮಾಡಬಾರದ್ದು ಎಷ್ಟಿವೆ ಎಂದು ನಮಗೆ ಅಲ್ಲಿಯತನಕ ಗೊತ್ತೇ ಇರಲಿಲ್ಲ, ಯಾಕೆಂದರೆ ಮುಸ್ಸಂಜೆ ಗಳಿಗೆ ಹೊತ್ತು ಇರುತ್ತಿತ್ತು. ಮುಸ್ಸಂಜೆಯಲ್ಲಿ ಮಲಗಬಾರದು. ಕಸ ಗುಡಿಸಬಾರದು. ತಲೆ ಬಾಚಬಾರದು. ಉಗುರು ಕತ್ತರಿಸಬಾರದು. ಪಕ್ಕದ ಮನೆಗೆ ಮೊಸರು, ಉಪ್ಪು, ಸೂಜಿ ಕೊಡಬಾರದು. ಹೊಸ್ತಿಲ ಮೇಲೆ ಕೂರಬಾರದು, ಜಗಳವಾಡಬಾರದು, ಅಳಬಾರದು. ಗುರುವಾರದ ಬಸ್ಸಿನ ಹೊತ್ತಿಗೆ ಊರಿನ ಹೆಂಗಸರೆಲ್ಲ ಕೂದಲು ಕೆದರಿಕೊಂಡು, ಕಣ್ಣು ಕೆಂಪು ಮಾಡಿಕೊಂಡು, ಕಾಲಡಿಯ ಕಸವನ್ನು ನೋಡುತ್ತ ನಿಂತಿದ್ದರು. ಜಗಳವಾಡಲು ಎಲ್ಲರಿಗೂ ಕಾರಣವಿತ್ತು, ಯಾರಿಗೂ ಹಕ್ಕಿರಲಿಲ್ಲ. ಇಂದು ಯಾವ ವಾರ ಎಂದು ತಿಳಿಯಲು ಬಸ್ಸಿನ ಕಂಡಕ್ಟರನೇ ದಿಕ್ಕು. ಅವನು ಇಳಿದೊಡನೆ, “ಗುರುವಾರ ಬಂತ್ರಿ,” ಎಂದು ಸಾರುತ್ತಿದ್ದ. ಕೋಳಿಗಳು ಅರ್ಧ ರೆಪ್ಪೆ ಮುಚ್ಚಿ ಗೂಡಿನ ಬಾಗಿಲಲ್ಲೇ ನಿಂತಿದ್ದವು, ಒಳಗೂ ಹೋಗವು, ಹೊರಗೂ ಬರವು. ಮಲ್ಲಿಗೆ ಮೊಗ್ಗು ಅರ್ಧ ಬಿಚ್ಚಿ ನಿಂತಿತು. ಗುಡಿಯ ಪೂಜಾರಿ ಸಂಜೆಯ ಮಂಗಳಾರತಿಯನ್ನು ನಿಲ್ಲಿಸುವ ಹಾಗಿಲ್ಲದೆ, ಕೈ ಬದಲಾಯಿಸಿ ಬದಲಾಯಿಸಿ, ಶುಕ್ರವಾರ ಇನ್ನು ಕೈಲಾಗದು ಎಂದು ದೇವರಿಗೇ ಹೇಳಿ ಕುಳಿತುಬಿಟ್ಟರು.

ನಾನು ಪಡಸಾಲೆಯಲ್ಲಿ ಓದುತ್ತಿದ್ದೆ. ಸಂಜೆಯಲ್ಲಿ ಮಾಡಬಹುದಾದ ಕೆಲಸ ಅದೊಂದೇ ಆದ್ದರಿಂದ ಊರೆಲ್ಲ ಅಲ್ಲಿತ್ತು. ಅಷ್ಟು ಜನ ಕೇಳುಗರು ನನಗೆ ಎಂದೂ ಸಿಕ್ಕಿರಲಿಲ್ಲ, ಅಷ್ಟು ತೂಕಡಿಸುವ ಕೇಳುಗರೂ. ತೂಕಡಿಸಿದವರನ್ನು ಪಕ್ಕದವರು ಚಿವುಟುತ್ತಿದ್ದರು. ಹೂಂ ಎನ್ನುವುದಕ್ಕೆ ಸರದಿ ಹಾಕಿದ್ದೆವು. ಶುಕ್ರವಾರದ ಹೊತ್ತಿಗೆ ಹೂಂ ಆಕಳಿಕೆಯಾಗಿ ಬರುತ್ತಿತ್ತು.

ಮನೆಗೆ ಬಂದರೆ ನೀಲವ್ವ ಐದನೆಯ ಸಲ ರಾತ್ರಿಯೂಟ ಬಡಿಸಿದಳು. “ಕೂಗ್ರಿ ಅಂತ ನಾ ಅನ್ನಂಗಿಲ್ಲ. ಕೂಗಬ್ಯಾಡ್ರಿ ಅಂತನೂ ಅನ್ನಂಗಿಲ್ಲ. ಆ ಮೂಲ್ಯಾಗಿನ ಕಸ ಒಂದಿಷ್ಟು ನೋಡ್ರಿ, ಸಾಕು.”

ಶನಿವಾರ ಲಾರಿ ಬಂತು. ಮೂರು ಪಂಜರ, ಒಂದು ಮತ್ತುಮದ್ದಿನ ಬಂದೂಕು, ಇಬ್ಬರು ಆಳು. ಡ್ರೈವರು ಹೊರಗಿನವನು. ಬಸ್ ನಿಲ್ದಾಣದ ಬೇವಿನ ಕೆಳಗೆ ಲಾರಿ ನಿಲ್ಲಿಸಿ, ನಡುಸಂಜೆಯಲ್ಲಿ, ಊರೆಲ್ಲ ನೋಡುತ್ತಿರುವಾಗಲೇ ಕಾಲು ಚಾಚಿ ಗೊರಕೆ ಹೊಡೆದ. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನೋಡಿದರು. ಅವರ ಮುಖದಲ್ಲಿ ಇದ್ದದ್ದು ಸಿಟ್ಟಲ್ಲ, ಆಸೆ.

ಆಗ ಒಬ್ಬ ಬಾಣಂತಿ ಕೂಸನ್ನು ಎತ್ತಿಕೊಂಡು ನನ್ನ ಕಟ್ಟೆಯ ಹತ್ತಿರ ಬಂದಳು. ನಮ್ಮ ಕೇರಿಯವಳೇ. ಕೂಸು ನಿದ್ದೆಗೆ ಜಾರುತ್ತಿತ್ತು, ಅವಳು ಅದರ ಕೆನ್ನೆ ತಟ್ಟಿ ತಟ್ಟಿ ಎಬ್ಬಿಸುತ್ತಿದ್ದಳು, ಎಬ್ಬಿಸುತ್ತ ತಾನೇ ಅಳು ನುಂಗುತ್ತಿದ್ದಳು. “ಅಣ್ಣಾ, ಒಂದ ಸಲ,” ಎಂದಳು. ಅಷ್ಟೇ ಅಂದದ್ದು.

ನಾನು ಕಂಬಳಿ ತೆಗೆದುಕೊಂಡೆ. ದಾರಿಯಲ್ಲಿ ಮೇಡಂ ಸಿಕ್ಕರು. ಅವರ ಕಣ್ಣೂ ಕೆಂಪಾಗಿತ್ತು. ನಾಲ್ಕು ದಿನದಿಂದ ಅವರು ಬಿಡಾರಕ್ಕೆ ಹೋಗದೆ, ನಮ್ಮ ಜೊತೆಯೇ, ನಮ್ಮ ಹಾಗೆಯೇ ಮಲಗದೆ ಉಳಿದಿದ್ದರು. ಎಲ್ಲಿಗೆಂದು ಅವರು ಕೇಳಲಿಲ್ಲ. “ಊರಿನ ರಾತ್ರಿ ನಿಮ್ಮದು. ಬೇಡ ಅನ್ನುವುದಕ್ಕೆ ನನಗೆ ಬಾಯಿ ಬರುವುದಿಲ್ಲ,” ಎಂದರು. “ನೀವು ಕೂಗಿದೊಡನೆ ಅವು ಹತ್ತಿರ ಬರುತ್ತವೆ. ನಾನು ಬಂದೂಕಿನವರನ್ನು ಬಂಡೆಯ ಹಿಂದೆ ನಿಲ್ಲಿಸುತ್ತೇನೆ. ಒಂದೇ ಸಲಕ್ಕೆ ಮುಗಿಯಲಿ.” ಅಷ್ಟು ಹೇಳಿ ಲಾರಿಯ ಕಡೆ ನಡೆದರು, ಉತ್ತರಾಣಿ ಮುಳ್ಳು ಕೀಳುವುದಕ್ಕೂ ಬಗ್ಗದೆ.

ಬಂಡೆ ಹತ್ತಿ ನಿಂತೆ. ಮೂರೂ ಕುಳಿತಿದ್ದವು. ನಾಲ್ಕು ದಿನದಲ್ಲಿ ಸೊರಗಿದ್ದವು, ಆದರೆ ನನ್ನನ್ನು ಕಂಡದ್ದೇ ಕಿವಿ ನಿಮಿರಿದವು. ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡು ಉಸಿರು ತುಂಬಿಕೊಂಡೆ. ಸಾಲಿನ ಕೊನೆಯಲ್ಲಿ ಸಣ್ಣ ಹೆಣ್ಣು ತೋಳ ಇತ್ತು. ಅದು ಮೂತಿಯನ್ನು ತುಸು ಮೇಲೆತ್ತಿತ್ತು. ಅದರ ಗಂಟಲು ಮಿಡಿಯುತ್ತಿತ್ತು. ಮಿಡಿದು, ನನ್ನನ್ನು ನೋಡಿ, ನಿಂತಿತು. ಮತ್ತೆ ಮಿಡಿಯಿತು, ಮತ್ತೆ ನನ್ನನ್ನು ನೋಡಿತು.

ಆ ಗಂಟಲು ನನಗೆ ಚೆನ್ನಾಗಿ ಗೊತ್ತಿತ್ತು. ಐವತ್ತಾರು ವರ್ಷದ ಹಿಂದೆ ಪಡಸಾಲೆಯಲ್ಲಿ ಅಪ್ಪನ ಎದುರಿಗೆ ಕುಳಿತಿದ್ದ ಗಂಟಲು ಅದು. ಪದ್ಯ ಪೂರ್ತಿ ಬರುತ್ತದೆ. ಎದುರಿಗೆ ಓದುವವರು ಇದ್ದಾರೆ, ಅದೊಂದೇ ತೊಂದರೆ. ಮೂರು ತಿಂಗಳಿಂದ ಅವು ನನಗೆ ಕೊಟ್ಟದ್ದು ಊಳಲ್ಲ, ಬರೀ ಹೂಂ. ನಾಲ್ಕು ದಿನದಿಂದ ನಾನು ಕೂಗಲಿಲ್ಲ ನಿಜ, ಆದರೆ ಮಣೆ ಬಿಟ್ಟಿರಲಿಲ್ಲ. ಕಟ್ಟೆಯ ಮೇಲೆ ಅವಕ್ಕೆ ಕಾಣುವ ಹಾಗೆ ಕುಳಿತು, ಬರುತ್ತೇನೆ ಬರುತ್ತೇನೆ ಎಂದು ಆಸೆ ತೋರಿಸುತ್ತಲೇ ಇದ್ದೆ.

ಉಸಿರನ್ನು ಬಿಟ್ಟುಬಿಟ್ಟೆ, ದನಿಯಿಲ್ಲದೆ. ಮೂವತ್ತೊಂದು ವರ್ಷ ತಲೆಯ ಮೇಲಿದ್ದ ಕಂಬಳಿಯನ್ನು ತೆಗೆದು ಮಡಚಿ ಬಂಡೆಯ ಮೇಲಿಟ್ಟೆ. ಬೋಳು ತಲೆ, ಬಿಳಿ ಗಡ್ಡ, ಎರಡು ಕಾಲು, ಎಲ್ಲ ಅವಕ್ಕೆ ಕಾಣಲಿ ಎಂದು ನೆಟ್ಟಗೆ ನಿಂತೆ. ಆಮೇಲೆ ಕೆಳಗಿಳಿದು ಅವುಗಳ ಕಡೆಗೇ ನಡೆದೆ. ಕಲ್ಲು ಎತ್ತಿಕೊಂಡೆ. ಎಸೆಯುವುದು ನನ್ನಿಂದಾಗಲಿಲ್ಲ, ಕೈಯಿಂದ ಬಿತ್ತು ಅನ್ನಬೇಕು. ಆದರೂ ನಾಲ್ಕು ಮಾರು ಹೋಗಿ ಮುಳ್ಳಿನ ಮೇಲೆ ಸದ್ದಾಯಿತು. ಗಂಡು ಎದ್ದು ನಿಂತಿತು. ಗಾಳಿ ನನ್ನ ಬೆನ್ನ ಹಿಂದಿನಿಂದ ಬೀಸುತ್ತಿತ್ತು, ನನ್ನ ಮೈಯ ವಾಸನೆ, ನೀಲವ್ವನ ರೊಟ್ಟಿಯ ವಾಸನೆ, ನಶ್ಯದ ವಾಸನೆ ಎಲ್ಲ ಅದರ ಮೂಗಿಗೆ ಹೋಗಿರಬೇಕು. ಇಷ್ಟು ದಿನ ಕೇಳಿಸಿಕೊಂಡದ್ದು ಇವನನ್ನೇ ಎಂದು ಅದು ನನ್ನನ್ನು ಒಂದು ಗಳಿಗೆ ನೋಡಿತು. ನನಗೆ ನಾಚಿಕೆಯಾಯಿತು. ಅದು ತಿರುಗಿ ನಡೆಯಿತು. ದೊಡ್ಡ ಹೆಣ್ಣು ಅದರ ಹಿಂದೆ. ಸಣ್ಣದು ಎರಡು ಸಲ ಹಿಂತಿರುಗಿ ನೋಡಿ, ಆಮೇಲೆ ಓಡಿತು. ಬಯಲಿನ ಹುಲ್ಲು ಮತ್ತು ಅವುಗಳ ಬೆನ್ನು ಒಂದೇ ಬಣ್ಣ. ಎಲ್ಲಿ ಮಾಯವಾದವೋ ತಿಳಿಯಲಿಲ್ಲ.

ನಾನು ತಿರುಗಿ ಬಂದು ಬಂಡೆಯ ಬುಡದಲ್ಲಿ ಕುಳಿತೆ. ಬಂಡೆಯ ಹಿಂದಿನಿಂದ ಮೇಡಂ ಬಂದರು. ಬಂದೂಕಿನವರಿಗೆ ಕೈಸನ್ನೆಯಲ್ಲಿ ಇರ್ರಿ ಅಂದರು. ಅಷ್ಟರಲ್ಲಿ ಮಾಳಕ್ಕ ಕೋಲೂರಿಕೊಂಡು ಬಂದಳು, ಅವಳ ಹಿಂದೆ ಹಟ್ಟಿ ಖಾಲಿಯಿತ್ತು.

“ಕುರಿ ಎಲ್ಲಿ ಮಾಳಕ್ಕ?”

“ಊರ ಆ ಕಡೀಗೆ ಹೊಡದು ಬಂದೆ. ಇಲ್ಲೇ ಇದ್ರ ಮತ್ತ ವಾಸನಿ ಹಿಡಕೊಂಡು ಬರತಾವು, ಹಾಳಾದವು.”

“ಮುಸ್ಸಂಜ್ಯಾಗ ಕುರಿ ಹೊರಗ ಹಾಕಬಾರದಲ್ಲ.”

“ನಾಕ ದಿನದ ಮುಸ್ಸಂಜಿಗೆ ಯಾವ ಶಾಸ್ತ್ರ ಐತಿ, ತಗದು ತೋರ್ಸು. ಸರಕೊ ಆ ಕಡೆ.” ಅವಳು ನನ್ನ ಪಕ್ಕ ಬಂಡೆಗೆ ಬೆನ್ನು ಕೊಟ್ಟು ಕುಳಿತಳು. ಮೇಡಂ ಈ ಪಕ್ಕ ಕುಳಿತರು. ಊರವರೂ ಒಬ್ಬೊಬ್ಬರಾಗಿ ಬಂದು ದೂರದಲ್ಲಿ ನಿಂತರು, ಬಾಣಂತಿಯೂ ಬಂದಿದ್ದಳು. ದೇವರನ್ನು ನೆನೆದೆ. ಬೇಡಿಕೊಳ್ಳಲಿಲ್ಲ, ಸುಮ್ಮನೆ ಕಿವಿಗೊಟ್ಟೆ. ನನಗೆ ಬರುವ ಪ್ರಾರ್ಥನೆ ಅದೊಂದೇ.

ಎಷ್ಟು ಹೊತ್ತೋ. ಮೂಗುತಿ ಗುಡ್ಡದ ಒಂಟಿ ಕಲ್ಲಿನ ಹತ್ತಿರದಿಂದ ಒಂದು ದನಿ ಎದ್ದಿತು. ಎಳೆಯ ದನಿ, ಮೇಲೇರುವಾಗ ಒಡೆಯಿತು, ಒಡೆದ ಜಾಗದಲ್ಲಿ ಹೆದರಿ ನಿಂತುಬಿಟ್ಟಿತು. ಆಕಾಶ ಶೇಂಗಾದ ಬಣ್ಣದಿಂದ ಒಂದಿಷ್ಟು ಕಪ್ಪಾಗಿ, ಅದೂ ಅರ್ಧಕ್ಕೆ ನಿಂತಿತು. ಒಂದೇ ಒಂದು ಚುಕ್ಕಿ ಮೂಡಿ ಮುಂದೇನೆಂದು ಕಾಯಿತು.

ಮೇಡಂ ನನ್ನ ತೋಳು ಹಿಡಿದುಕೊಂಡರು, ನಾನೆಲ್ಲಿ ಊಳಿಟ್ಟುಬಿಡುತ್ತೇನೋ ಎಂದು. ಊಳಿಟ್ಟರೆ ಅವು ತಿರುಗಿ ಬರುತ್ತಿದ್ದವು. ನನಗೆ ಆ ಭಯವಿರಲಿಲ್ಲ. ಆ ಮೌನ ಎಂಥದ್ದೆಂದು ನನಗೆ ಗೊತ್ತಿತ್ತು. ಓದುವವರು ಪದ್ಯ ಮುಗಿಸಿ ನಿಂತಿದ್ದಾರೆ, ಕೇಳುವವರ ಕಡೆಯಿಂದ ಬರಬೇಕಾದದ್ದು ಬಂದಿಲ್ಲ.

“ಹೂಂ,” ಎಂದೆ. ಓದುವ ದನಿಗಿಂತ ಒಂದು ಮೆಟ್ಟಿಲು ಕೆಳಗೆ. ಪಕ್ಕದಲ್ಲಿದ್ದ ಇಬ್ಬರಿಗೆ ಕೇಳಿಸಿದ್ದರೆ ಹೆಚ್ಚು. ಒಂದು ಮೈಲಿಯಾಚೆ ಅದು ತಲುಪಿತೆಂದು ನಾನು ಹೇಳುವುದಿಲ್ಲ.

ಎರಡನೆಯ ಊಳು ಎದ್ದಿತು. ಈ ಸಲ ಒಡೆಯಲಿಲ್ಲ. ಗುಡ್ಡದ ಮೇಲೆ ಏರಿ, ಅಲ್ಲಿ ಬೇಕಾದಷ್ಟು ಹೊತ್ತು ನಿಂತು, ತನ್ನ ಸಾವಕಾಶದಲ್ಲಿ ಇಳಿಯಿತು. ಅದರ ಜೊತೆಗೆ ನಾಲ್ಕು ದಿನದಿಂದ ಬಾಕಿಯಿದ್ದ ಕತ್ತಲೆಲ್ಲ ಬಯಲಿನ ಮೇಲೆ, ಬಂಡೆಯ ಮೇಲೆ, ನಮ್ಮ ಕೆದರಿದ ತಲೆಗಳ ಮೇಲೆ ಬಂದು ಕುಳಿತಿತು. ಜನ ಮನೆಗೂ ಹೋಗಲಿಲ್ಲ. ನಿಂತಲ್ಲೇ ಕುಳಿತು, ಕುಳಿತಲ್ಲೇ ಒರಗಿ, ಒಬ್ಬರ ಭುಜದ ಮೇಲೆ ಒಬ್ಬರು ನಿದ್ದೆ ಹೋದರು. ಕೂಸು ಎಲ್ಲರಿಗಿಂತ ಮೊದಲು ಮಲಗಿತ್ತು. ಮೇಡಂ ನನ್ನ ತೋಳನ್ನು ಹಿಡಿದುಕೊಂಡೇ ಮಲಗಿದ್ದರು. ಊರೆಲ್ಲ ಮಲಗಿದಾಗ ಎಚ್ಚರಾದ ಲಾರಿ ಡ್ರೈವರು ಯಾರನ್ನು ಕೇಳಬೇಕೋ ತಿಳಿಯದೆ, ದೀಪ ಹಾಕಿಕೊಂಡು, ಖಾಲಿ ಪಂಜರಗಳನ್ನು ಗಡಗಡ ಅನ್ನಿಸುತ್ತ ಗಡಿಕಲ್ಲು ದಾಟಿ ಹೋದ.

ಗುಡ್ಡದ ಮೇಲೆ ಈಗ ಮೂರೂ ಸೇರಿಕೊಂಡಿದ್ದವು. ಮೂರನೆಯ ಊಳು ಏರಿ, ಇಳಿದು, ನಿಂತಿತು. ಹೂಂ ಎನ್ನಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಕತ್ತಲಲ್ಲಿ, ನನ್ನ ಪಕ್ಕದಿಂದ, ನಿದ್ದೆ ಹೋಗಿದ್ದಾಳೆಂದು ನಾನು ತಿಳಿದಿದ್ದ ಮಾಳಕ್ಕ, ಇಷ್ಟವಿಲ್ಲದವಳ ಹಾಗೆ, ಸಣ್ಣಗೆ, “ಹೂಂ,” ಎಂದಳು.